ಪಲ್ಸ್ ಕೊಡಲ್ಲ ಅನ್ನುವ ಲೇಸರ್‌ನಿಂದ ಪಲ್ಸ್ ತೆಗೆಯುವುದು

ಈ ಹಳದಿ ಲೆನ್ಸ್ ನೋಡಿ, ಜಿಂಕ್ ಸೆಲೆನೈಡ್‌ದು. ನಮ್ಮ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್‌ನ ಬೆಳಕಿನ ಅಲೆಯುದ್ದ ಸುಮಾರು 8 ಮೈಕ್ರೋಮೀಟರ್, ಮಾಮೂಲಿ ಗಾಜು ಅದನ್ನು ಹೀರಿಕೊಂಡುಬಿಡುತ್ತದೆ. ಪಕ್ಕದ್ದು ಜರ್ಮೇನಿಯಂ. ಕಣ್ಣಿಗೆ ಬರೀ ಲೋಹದ ಬಿಲ್ಲೆ, ಆದರೆ ಈ ಬೆಳಕು ಅದನ್ನು ಆರಾಮಾಗಿ ದಾಟುತ್ತದೆ. ಬೆಳಕಂತೂ ಕಾಣುವುದಿಲ್ಲ, ಹಾಗಾಗಿ ಅದೇ ದಾರಿಯಲ್ಲಿ ಒಂದು ಕೆಂಪು ಲೇಸರ್ ಬಿಟ್ಟು ಎಲ್ಲವನ್ನೂ ನೇರ ಮಾಡಿಕೊಳ್ಳುತ್ತೇವೆ, ಜರ್ಮೇನಿಯಂ ಅಡ್ಡ ಬಂದರೆ ಅದೂ ಕೈಕೊಡುತ್ತದೆ!

ಇಷ್ಟು ಒದ್ದಾಟ ಯಾಕೆ? ಬಹಳಷ್ಟು ಅಣುಗಳು ಗಟ್ಟಿಯಾಗಿ ಬೆಳಕು ಹೀರುವುದು ಇಲ್ಲೇ. ಮೀಥೇನ್ 7.7 ಮೈಕ್ರೋಮೀಟರ್ ಆಸುಪಾಸಿನಲ್ಲಿ ಸಿಕ್ಕಿಬೀಳುತ್ತದೆ. ಅಣುಗಳ ಅಲುಗಾಟವನ್ನು ನಡೆಯುವಾಗಲೇ ಹಿಡಿಯಬೇಕಾದರೆ ಪಲ್ಸ್, ಅಂದರೆ ಬೆಳಕಿನ ಒಂದು ಮಿಂಚು, ತುಂಬಾ ಚಿಕ್ಕದಿರಬೇಕು, ಅದಕ್ಕೆ ಸಾಮಾನ್ಯವಾಗಿ ಟೇಬಲ್ ತುಂಬಾ ಲೇಸರ್ರು, ಕ್ರಿಸ್ಟಲ್ಲು ಬೇಕು.

ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ ಒಂದು ಪುಟಾಣಿ ಚಿಪ್. 1994ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಜೆರೋಮ್ ಫೈಸ್ಟ್, ಫೆಡೆರಿಕೊ ಕಪಾಸೊ ಮತ್ತು ಜೊತೆಗಾರರು ಮಾಡಿದ್ದು. ತೊಂದರೆ ಏನಪ್ಪಾ ಅಂದರೆ, ಚಿಪ್ 4 ಮಿಲಿಮೀಟರ್ ಉದ್ದ ಇದೆ ಅಂತ ಇಟ್ಟುಕೊಳ್ಳಿ, ಬೆಳಕು ಅದರಲ್ಲಿ ಹೋಗಿ ಬರಲು 85 ಪಿಕೋಸೆಕೆಂಡ್ (ಒಂದು ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ಹತ್ತಿರ ಬೇಕು, ಆದರೆ ಖರ್ಚಾದ ಶಕ್ತಿ ಕೆಲವೇ ಪಿಕೋಸೆಕೆಂಡಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಪಲ್ಸ್ ಒಂದು ಸುತ್ತು ಮುಗಿಸಿ ಬರುವ ತನಕ ಅದು ಕಾಯುವುದೇ ಇಲ್ಲ, ಖಾಲಿ ಸಮಯದಲ್ಲಿ ಇರುವ ಚೂರುಪಾರು ಬೆಳಕನ್ನೂ ಬೆಳೆಸುತ್ತದೆ. ಪಲ್ಸ್ ಹರಡಿಹೋಗುತ್ತದೆ.

ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದವರು ಹಟ ಬಿಡಲಿಲ್ಲ. ಕರೆಂಟನ್ನು ಸುತ್ತಿನ ವೇಗಕ್ಕೆ ಸರಿಯಾಗಿ ಏರಿಳಿಸಿ 2020ರಲ್ಲಿ ಚಿಪ್‌ನಿಂದಲೇ 6.5 ಪಿಕೋಸೆಕೆಂಡ್ ಪಲ್ಸ್ ತೆಗೆದರು. ನನಗೆ ಇಷ್ಟವಾಗಿದ್ದು ಮಾತ್ರ ಇನ್ನೊಂದು ಉಪಾಯ.

ಈ ಲೇಸರ್ ತನ್ನಷ್ಟಕ್ಕೇ ಫ್ರೀಕ್ವೆನ್ಸಿ ಕೋಂಬ್ (ಬಾಚಣಿಗೆಯ ಹಲ್ಲುಗಳಂತೆ ಸಮ ಅಂತರದಲ್ಲಿ ನಿಂತ ಹಲವು ಬಣ್ಣಗಳ ಬೆಳಕು) ಆಗುತ್ತದೆ ಅಂತ ಜ್ಯೂರಿಕ್‌ನ ಇಟಿಎಚ್‌ನಲ್ಲಿ ಫೈಸ್ಟ್ ತಂಡ 2012ರಲ್ಲೇ ತೋರಿಸಿತ್ತು. ಬೆಳಕಿನ ಜೋರು ಹೆಚ್ಚುಕಡಿಮೆ ಒಂದೇ ಸಮ, ಆದರೆ ಪ್ರತಿ ಸುತ್ತಿನಲ್ಲೂ ಬಣ್ಣ, ಅಂದರೆ ಅಲೆಯುದ್ದ, ಮೆಲ್ಲಗೆ ಜಾರುತ್ತಾ ಹೋಗುತ್ತದೆ. ಹಾಗಾದರೆ ಚಿಪ್ ಜೊತೆ ಜಗಳ ಯಾಕೆ, ಅಲ್ವಾ? ಅದರ ಪಾಡಿಗೆ ಬಿಟ್ಟು, ಹೊರಗೆ ಬಂದ ಮೇಲೆ ಸರಿಮಾಡಿಕೊಂಡರಾಯಿತು. ಜಾತ್ರೆಯಲ್ಲಿ ಮುಂದೆ ಹೋದವರನ್ನು ಸುತ್ತುದಾರಿಗೆ ಕಳಿಸಿ, ಹಿಂದಿದ್ದವರನ್ನು ಒಳದಾರಿಯಲ್ಲಿ ಬಿಟ್ಟರೆ ಎಲ್ಲರೂ ಒಂದೇ ಹೊತ್ತಿಗೆ ಬಾಗಿಲಿಗೆ ಬರುತ್ತಾರಲ್ಲ, ಗ್ರೇಟಿಂಗ್‌ಗಳು (ಒಂದೊಂದು ಬಣ್ಣವನ್ನು ಒಂದೊಂದು ದಿಕ್ಕಿಗೆ ತಿರುಗಿಸುವ, ಸಣ್ಣ ಗೀರುಗಳ ಫಲಕಗಳು) ಬಣ್ಣಗಳಿಗೆ ಮಾಡುವುದೂ ಅದನ್ನೇ. 2021ರಲ್ಲಿ ಅದೇ ತಂಡ ಹೀಗೆ ಪಲ್ಸನ್ನು 630 ಫೆಮ್ಟೋಸೆಕೆಂಡ್‌ಗೆ (ಸಾವಿರ ಫೆಮ್ಟೋಸೆಕೆಂಡ್ ಸೇರಿದರೆ ಒಂದು ಪಿಕೋಸೆಕೆಂಡ್) ಇಳಿಸಿತು, ಗರಿಷ್ಠ ಪವರ್ 4.5 ವ್ಯಾಟ್. ಅಷ್ಟು ಹೊತ್ತಿನಲ್ಲಿ ಈ ಬೆಳಕಿನ ಅಲೆ 24 ಸಲವೂ ಏರಿಳಿಯುವುದಿಲ್ಲ.

4.5 ವ್ಯಾಟ್ ದೊಡ್ಡ ಸಿಸ್ಟಮ್‌ಗಳ ಮುಂದೆ ಏನೂ ಅಲ್ಲ, ಒಪ್ಪುತ್ತೇನೆ. ಚಿಪ್ ಬೆರಳ ತುದಿಯಲ್ಲಿ ಕೂರುತ್ತದೆ ನಿಜ, ಗ್ರೇಟಿಂಗ್, ಲೆನ್ಸ್, ಕನ್ನಡಿ ಎಲ್ಲ ಇನ್ನೂ ಟೇಬಲ್ ಮೇಲೇ ಇವೆ. ಅವೂ ಚಿಪ್‌ಗೆ ಬರುವ ತನಕ ಇದನ್ನು ಜೇಬಿನ ಲೇಸರ್ ಅಂತ ನಾನಂತೂ ಕರೆಯುವುದಿಲ್ಲ.