ರಾಜ ಮುಂದೆ, ಕಾಲಾಳು ಹಿಂದೆ

ಕೇಳುಗರಿಗೆ ನಮಸ್ಕಾರ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಚೆಸ್ ಕಲಿಯುವ ಮಕ್ಕಳಿಗೆ, ಅವರ ಅಪ್ಪ-ಅಮ್ಮಂದಿರಿಗೆ ಇವತ್ತು ಒಂದೇ ಮಾತು. ಓಪನಿಂಗ್, ಅಂದರೆ ಆಟ ಶುರು ಮಾಡುವ ನಡೆಗಳು, ಬಾಯಿಪಾಠ ಮಾಡಿದ್ದು ಸಾಕು. ಮೊದಲು ಆಟ ಮುಗಿಸುವುದನ್ನು ಕಲಿಯಿರಿ.

ಇಂಡಿಯಿಂದ ಒಬ್ಬ ಹುಡುಗಿ ಪ್ರತಿ ಭಾನುವಾರ ಬಸ್ಸು ಹತ್ತಿ ನನ್ನ ಹತ್ತಿರ ಬರುತ್ತಾಳೆ. ಹತ್ತು ವರ್ಷ. ಓಪನಿಂಗಿನ ಹದಿನಾಲ್ಕು ನಡೆಗಳನ್ನು ನಿದ್ದೆಗಣ್ಣಲ್ಲೂ ಹೇಳುತ್ತಾಳೆ. ಕಳೆದ ವರ್ಷ ಒಂದು ಪಂದ್ಯ. ಕೊನೆಗೆ ಉಳಿದದ್ದು ಎರಡು ರಾಜ, ಇವಳದೊಂದು ಕಾಲಾಳು, ಅಷ್ಟೇ. ಇವಳ ರಾಜ ಮುಂದಿದ್ದ. ಗೆಲ್ಲುವ ಆಟ! ಆದರೆ ರಾಜನನ್ನು ಅಲ್ಲೇ ಬಿಟ್ಟು ಕಾಲಾಳನ್ನು ಓಡಿಸಿದಳು. ಇನ್ನೊಂದು ಮನೆ ದಾಟಿದರೆ ಕಾಲಾಳೇ ಮಂತ್ರಿ. ಆ ಮನೆಯಲ್ಲೇ ಎದುರಾಳಿಯ ರಾಜ ಕೂತಿದ್ದ. ಕಾಲಾಳನ್ನು ಕಾಯಲು ಇವಳು ರಾಜನನ್ನು ಅದರ ಬೆನ್ನಿಗೆ ತಂದಳು. ಎದುರಾಳಿಗೆ ಚೆಕ್ ಇಲ್ಲ, ನಡೆಸಲು ಜಾಗವೂ ಇಲ್ಲ. ಸ್ಟೇಲ್‌ಮೇಟ್. ಆಟ ಡ್ರಾ. ಪಾಪ, ಹೊಡೆದಿಟ್ಟಿದ್ದ ಕಾಯಿಗಳನ್ನು ಸುಮ್ನೆ ಸಾಲಾಗಿ ನಿಲ್ಲಿಸುತ್ತಾ ಕೂತಳು, ಏಳಲೇ ಇಲ್ಲ. ತಪ್ಪು ನನ್ನದು. ಹದಿನಾಲ್ಕು ನಡೆ ಕಲಿಸಿದ್ದೆ, ಇದೊಂದನ್ನು ಕಲಿಸಿರಲಿಲ್ಲ: ರಾಜ ಮುಂದೆ, ಕಾಲಾಳು ಹಿಂದೆ.

ಈಗ ದೊಡ್ಡವರ ಆಟ ನೋಡಿ. 2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಶಿಪ್ಪಿನ 14ನೇ ಆಟ. ನಮ್ಮ ಭಾರತದ ಗುಕೇಶ್, ಚೀನಾದ ಡಿಂಗ್ ಲಿರೆನ್ ಇಬ್ಬರಿಗೂ ಆರೂವರೆ ಅಂಕ. ಬಿಳಿ ಕಾಯಿ ಡಿಂಗ್ ಅವರದು. ಕಾಲಾಳು ಮುಟ್ಟದೆ ಮೊದಲು ಕುದುರೆ ಎತ್ತಿದರು. ಅದು ರೇಟಿ ಓಪನಿಂಗ್. ಮರುದಿನವೇ ಪಾಲಕರ ಫೋನ್, "ಸರ್, ನಮ್ಮ ಹುಡುಗನಿಗೆ ರೇಟಿ ಕಲಿಸ್ತೀರಾ?" ಅಲ್ರೀ, ಆಟ ತಿರುಗಿದ್ದು 55ನೇ ನಡೆಯಲ್ಲಿ! ಡಿಂಗ್ ಆನೆಗೆ ಆನೆ ಬದಲಿಸಲು ಹೋದರು. ಅವರ ಒಂಟೆ ಮೂಲೆಮನೆಯಲ್ಲಿತ್ತು. ಗುಕೇಶ್ ಆನೆ ಹೊಡೆದರು, ತಮ್ಮ ಒಂಟೆಯನ್ನು ಅದೇ ಓರೆಸಾಲಿಗೆ ತಂದಿಟ್ಟರು. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಒಂಟೆಗಳೂ ಹೋದವು. ಉಳಿದದ್ದು ರಾಜರು, ಕಾಲಾಳುಗಳು. ಗುಕೇಶ್‌ಗೆ ಒಂದು ಕಾಲಾಳು ಜಾಸ್ತಿ. 58ನೇ ನಡೆಗೆ ಅವರ ರಾಜ ಡಿಂಗ್ ರಾಜನ ಎದುರು ಬಂದು ನಿಂತ. ನಡುವೆ ಒಂದೇ ಮನೆ. ಡಿಂಗ್ ರಾಜ ದಾರಿ ಬಿಡಲೇಬೇಕು. ಸೋಲೊಪ್ಪಿಕೊಂಡರು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ನಮ್ಮ ಇಂಡಿ ಹುಡುಗಿ ಬಿಟ್ಟ ಪಾಠವೇ ಇದು, ಅಲ್ವಾ?

ಸಮಯ ಆಗುತ್ತಿದೆ. ರಿಚರ್ಡ್ ರೇಟಿ 1924ರಲ್ಲಿ ನ್ಯೂಯಾರ್ಕಿನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು ಸೋಲಿಸಿದವರು. ಅವರೇ 1921ರಲ್ಲಿ ಬರೀ ಎರಡು ರಾಜ, ಎರಡು ಕಾಲಾಳು ಇಟ್ಟು ಒಂದು ಸಮಸ್ಯೆ ಕಟ್ಟಿದ್ದರು. ಓಪನಿಂಗಿಗೆ ಹೆಸರು ಕೊಟ್ಟವರೇ ಕೊನೆಯಾಟಕ್ಕೆ ಅಷ್ಟು ತಲೆ ಕೊಟ್ಟಿದ್ದರು.

ಇವತ್ತು ರಾತ್ರಿ ಊಟ ಆದ ಮೇಲೆ ಹಲಗೆ ತೆಗೆಯಿರಿ. ಎರಡು ರಾಜ, ಒಂದು ಕಾಲಾಳು, ಅಷ್ಟೇ ಇಡಿ. ಮಗು ಒಂದು ಕಡೆ, ನೀವು ಒಂದು ಕಡೆ. ರಾಜನನ್ನು ಮುಂದೆ ನಡೆಸಿ. ನಮಸ್ಕಾರ.