ಆ ಕಡೆ ಹೋಗುವವರ ಕೈಗೆ ಕೊಟ್ಟು

ನಮಸ್ಕಾರ ಕೇಳುಗರೆ.

ಹಳ್ಳಿಯಿಂದ ಪೇಟೆಗೆ ಒಂದು ಕಾಗದ ತುರ್ತಾಗಿ ಮುಟ್ಟಬೇಕಾದರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದೆವು, ಅಲ್ವಾ? ನಮ್ಮ ದೊಡ್ಡಬಳ್ಳಾಪುರದಲ್ಲಿ ಡೇಟಾ ಕೂಡ ಹೀಗೇ ಪ್ರಯಾಣ ಮಾಡಿದೆ. 2000ರ ದಶಕದ ಮೊದಲ ವರ್ಷಗಳ ಮಾತು. ಭೂಮಿ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಬಂದಿದ್ದವು, ಆದರೆ ಹಳ್ಳಿಗಳಿಗೆ ಇಂಟರ್ನೆಟ್ ಬಂದಿರಲಿಲ್ಲ. ಆಗ ಡಾಕ್‌ನೆಟ್ ಎಂಬ ಪ್ರಯೋಗದವರು ಬಸ್ಸಿಗೇ ಒಂದು ವೈಫೈ ಪೆಟ್ಟಿಗೆ ಕೂರಿಸಿದರು. ಬಸ್ಸು ಹಳ್ಳಿ ಹಾಯುವಾಗ ಅಲ್ಲಿನ ಕಂಪ್ಯೂಟರಿನ ಅರ್ಜಿಗಳು ಪೆಟ್ಟಿಗೆ ಸೇರುತ್ತಿದ್ದವು. ಬಸ್ಸು ಪೇಟೆ ಮುಟ್ಟಿದ ಮೇಲೆ ಇಳಿಯುತ್ತಿದ್ದವು. ಒಂದು ಭೇಟಿಗೆ ಸಿಗುತ್ತಿದ್ದುದು ಸರಾಸರಿ ಎರಡೂವರೆ ನಿಮಿಷ. ಅಷ್ಟರಲ್ಲೇ ಸುಮಾರು 20 ಎಂಬಿ ದಾಟುತ್ತಿತ್ತು!

ಸಾಮಾನ್ಯ ನೆಟ್‌ವರ್ಕ್ ಹೀಗೆ ಕಾಯುವುದಿಲ್ಲ. ಮೊದಲು ಈ ತುದಿಯಿಂದ ಆ ತುದಿಗೆ ಪೂರ್ತಿ ದಾರಿ ಹುಡುಕುತ್ತದೆ. ಸಿಗದಿದ್ದರೆ ಸಂದೇಶವನ್ನು ಕೈಬಿಡುತ್ತದೆ. ಆದರೆ ಟವರ್ ಇಲ್ಲದ ಕಡೆ, ಸಾಧನಗಳು ದೂರ ದೂರ ಓಡಾಡುತ್ತಿರುವ ಕಡೆ, ಪೂರ್ತಿ ದಾರಿ ಯಾವ ಗಳಿಗೆಯಲ್ಲೂ ಇರುವುದೇ ಇಲ್ಲ. ಬೆಳಿಗ್ಗೆ ಇವನು ಅವನನ್ನು ಕಾಣುತ್ತಾನೆ, ಸಂಜೆ ಅವನು ಇನ್ನೊಬ್ಬನನ್ನು. ದಾರಿ ತುಂಡು ತುಂಡಾಗಿ ಸಿಗುತ್ತದೆ. ಹಾಗಾಗಿ ಸಂದೇಶವನ್ನು ಇಟ್ಟುಕೊಳ್ಳಬೇಕು, ಹೊತ್ತು ನಡೆಯಬೇಕು, ಸಿಕ್ಕವರಿಗೆ ದಾಟಿಸಬೇಕು.

ಬಸ್ಸಿಗಾದರೆ ವೇಳಾಪಟ್ಟಿ ಇದೆ. ಜೀಬ್ರಾಗೆ? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2004ರ ಜನವರಿಯಲ್ಲಿ ಕೀನ್ಯಾದ ಜೀಬ್ರಾಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದರು. ಎರಡು ಜೀಬ್ರಾ ಹತ್ತಿರ ಬಂದರೆ ಒಂದರ ಮಾಹಿತಿ ಇನ್ನೊಂದಕ್ಕೂ ಹೋಗುತ್ತಿತ್ತು. ಜೀಪಿನಲ್ಲಿ ಬಂದ ಸಂಶೋಧಕರಿಗೆ ಒಂದೇ ಜೀಬ್ರಾ ಸಿಕ್ಕರೂ, ಕಾಣದ ಜೀಬ್ರಾಗಳ ಓಡಾಟವೂ ಅದರ ಕೊರಳಲ್ಲೇ ಸಿಗಬಹುದಿತ್ತು. ನನಗೆ ಇದು ಬಹಳ ಚೆಂದದ ಯೋಚನೆ ಅನಿಸುತ್ತದೆ.

ನಿಜವಾದ ಕಷ್ಟ ಇರುವುದು ಯಾರ ಕೈಗೆ ಕೊಡಬೇಕು ಎನ್ನುವಲ್ಲಿ. 2000ದಲ್ಲಿ ವಾಹ್ದತ್ ಮತ್ತು ಬೆಕರ್ ಎಂಬ ಸಂಶೋಧಕರು ಎದುರಾದವರಿಗೆಲ್ಲ ಒಂದೊಂದು ಪ್ರತಿ ಕೊಡಿ ಎಂದರು. ನೆಗಡಿ ಹರಡಿದ ಹಾಗೆ. ಜಾಗ ಸಾಲುವಷ್ಟಿದ್ದರೆ ಸಂದೇಶ ಬೇಗ ಮುಟ್ಟುತ್ತದೆ. ಆದರೆ ಪುಟ್ಟ ಸಾಧನದ ಮೆಮೊರಿ ತುಂಬಿಹೋಗುತ್ತದೆ, ಬ್ಯಾಟರಿಯೂ ಜಾಸ್ತಿ ಖರ್ಚಾಗುತ್ತದೆ. 2003ರ ಪ್ರಾಫೆಟ್ ವಿಧಾನ ಹಳೆಯ ಭೇಟಿಗಳನ್ನು ನೆನಪಿಟ್ಟುಕೊಳ್ಳುತ್ತದೆ. ವಾರವಾರ ಸಂತೆಗೆ ಹೋಗುವವರನ್ನು ನೋಡಿ ಚೀಲ ಕೊಟ್ಟಂತೆ. 2005ರ ಸ್ಪ್ರೇ ಅಂಡ್ ವೇಟ್ ಇನ್ನೂ ಸರಳ. ಎಣಿಸಿದಷ್ಟೇ ಪ್ರತಿ ಹಂಚಿ, ಅವುಗಳಲ್ಲಿ ಒಂದು ತಲುಪಬೇಕಾದವರನ್ನೇ ಎದುರುಗೊಳ್ಳುವ ತನಕ ಕಾಯುವುದು. ಬ್ಯಾಟರಿಯೇ ಜೀವಾಳವಾದ ಕಡೆ ನಾನು ಇದನ್ನೇ ಆರಿಸುತ್ತೇನೆ.

ಸಂದೇಶ ಮುಟ್ಟಿದ ಮೇಲೂ ಕೆಲಸ ಬಾಕಿ ಇರುತ್ತದೆ. ಉಳಿದ ಪ್ರತಿಗಳು ಸುಮ್ನೆ ಜಾಗ ಹಿಡಿದು ಅಲೆಯುತ್ತಿರುತ್ತವೆ. ಅವನ್ನು ಅಳಿಸಿ ಎಂಬ ಸುದ್ದಿಯೂ ಅದೇ ಜೀಬ್ರಾಗಳ ಕೊರಳಲ್ಲೇ, ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಹೋಗಬೇಕು.