ಜೆಕ್ ಸ್ತ್ರೀವಾದ: ಅಧ್ಯಯನ ಮತ್ತು ಚಳವಳಿ

ಕೇಳುಗರಿಗೆ ನಮಸ್ಕಾರ. ಜೆಕ್ ಸಮಾಜದಲ್ಲಿ ಸ್ತ್ರೀವಾದದ ಅಧ್ಯಯನವೂ ಹೋರಾಟವೂ ಒಂದೇ ಸೂರಿನಡಿ ಬೆಳೆದವು. ಸಮಾಜಶಾಸ್ತ್ರಜ್ಞೆ ಯಿರ್ಜಿನಾ ಶಿಕ್ಲೋವಾ 1968ರ ಸೋವಿಯತ್ ಆಕ್ರಮಣದ ಬಳಿಕ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡು, ಕಸ ಗುಡಿಸುವ ಕೆಲಸ ಮಾಡಿ, ನಿಷೇಧಿತ ಸಾಹಿತ್ಯವನ್ನು ಗುಟ್ಟಾಗಿ ಗಡಿ ದಾಟಿಸಿದ್ದಕ್ಕೆ ಸೆರೆಮನೆ ಕಂಡವರು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ, 1991ರಲ್ಲಿ, ಪ್ರಾಗ್‌ನ ತಮ್ಮ ಮನೆಯಲ್ಲಿಯೇ ಪುಸ್ತಕಗಳನ್ನು ಸೇರಿಸಿ ಅವರು ಲಿಂಗತ್ವ ಅಧ್ಯಯನ ಕೇಂದ್ರಕ್ಕೆ ನಾಂದಿ ಹಾಡಿದರು.

ಆಗ ಸ್ತ್ರೀವಾದವೆಂದರೆ ಜನರಿಗೆ ಅಪನಂಬಿಕೆಯಿತ್ತು. ಏಕೆಂದರೆ ಮಹಿಳಾ ವಿಮೋಚನೆಯ ಮಾತನ್ನು ನಾಲ್ಕು ದಶಕ ಕಮ್ಯುನಿಸ್ಟ್ ಸರ್ಕಾರವೇ ಆಡಿತ್ತು. ಆದರೂ ಹೊರಗೆ ದುಡಿದು ಬಂದ ಹೆಂಗಸರು ಮನೆಗೆಲಸವನ್ನೂ ತಾವೇ ಹೊರುತ್ತಿದ್ದರು. ಪ್ರಾಗ್‌ನ ಚಾರ್ಲ್ಸ್ ಮತ್ತು ಬ್ರ್‌ನೊದ ಮಸಾರಿಕ್ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ವ್ಯಾಸಂಗ ಮುಂದೆ ನೆಲೆಯೂರಿತು. 2004ರಲ್ಲಿ ದೇಶ ಐರೋಪ್ಯ ಒಕ್ಕೂಟ ಸೇರಿದ ನಂತರ ಸ್ವಯಂಸೇವಾ ಸಂಸ್ಥೆಗಳು ಯೋಜನೆಗಳ ಅನುದಾನವನ್ನು ಹೆಚ್ಚು ಹೆಚ್ಚು ನೆಚ್ಚಿಕೊಂಡವು. ಅನುದಾನದ ವರದಿ ಬರೆಯುವುದರಲ್ಲೇ ಹೋರಾಟಗಾರ್ತಿಯರ ಶಕ್ತಿ ಸವೆಯುವುದನ್ನು ನಾನು ಸಣ್ಣ ನಷ್ಟವೆಂದು ಭಾವಿಸುವುದಿಲ್ಲ.

ಅರಿವಿಗೂ ಚಳವಳಿಗೂ ಇರಬೇಕಾದ ನಂಟನ್ನು ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯದ ಮಹಿಳೆಯರ ಪ್ರಕರಣ ಎಲ್ಲಕ್ಕಿಂತ ನಿಚ್ಚಳವಾಗಿ ತೋರಿಸುತ್ತದೆ. ಒತ್ತಾಯದಿಂದಲೋ ಆಮಿಷದಿಂದಲೋ ಅವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಗುತ್ತಿದೆ ಎಂದು ಭಿನ್ನಮತೀಯರ 'ಚಾರ್ಟರ್ 77' ಬಳಗ 1978ರಲ್ಲೇ ದಾಖಲಿಸಿತ್ತು. ಆ ದಾಖಲೆಯಿಂದ ಪದ್ಧತಿ ನಿಲ್ಲಲಿಲ್ಲ. 1989ರ ನಂತರವೂ ಇಂಥ ಪ್ರಕರಣಗಳು ನಡೆದವು. ಒಸ್ತ್ರಾವಾ ನಗರದ ಎಲೆನಾ ಗೊರೊಲೊವಾ ಮತ್ತು ಅವರ ಸಂಗಾತಿಗಳು ತಮ್ಮ ದೇಹದ ಮೇಲೆ ನಡೆದದ್ದನ್ನು ಬಹಿರಂಗವಾಗಿ ಹೇಳತೊಡಗಿದಾಗ, ಅದುವರೆಗೆ ಕಾಗದದಲ್ಲಿದ್ದ ಸತ್ಯಕ್ಕೆ ಸಾಕ್ಷಿಗಳ ದನಿ ಸಿಕ್ಕಿತು. ಆಡಳಿತದ ವಿರುದ್ಧದ ದೂರುಗಳನ್ನು ವಿಚಾರಿಸುವ ಸಾರ್ವಜನಿಕ ಹಕ್ಕುಗಳ ರಕ್ಷಕರು 2005ರಲ್ಲಿ ವರದಿ ನೀಡಿದರು, 2009ರಲ್ಲಿ ಸರ್ಕಾರ ವಿಷಾದ ವ್ಯಕ್ತಪಡಿಸಿತು, 2021ರಲ್ಲಿ ತಲಾ 3 ಲಕ್ಷ ಕೊರುನಾ (ಜೆಕ್ ಹಣ) ಪರಿಹಾರದ ಕಾನೂನು ಬಂದಿತು. ವಕೀಲರ, ಸಂಶೋಧಕರ ಶ್ರಮ ಇದರಲ್ಲಿ ನಿಜವಾಗಿಯೂ ಇದೆ. ಆದರೆ ಈ ಹೋರಾಟದ ಮುಂದಾಳುತನ, ಯಾವ ವಿಭಾಗದ ಪದವಿಯೂ ಬೇಕಿರದೆ, ಆ ಹೆಂಗಸರದೇ ಆಗಿತ್ತು ಎಂಬುದನ್ನು ವಿದ್ವತ್ ವಲಯ ಮನಗಾಣಬೇಕು.

ಈ ಕೆಲಸ ಇನ್ನೂ ಮುಗಿದಿಲ್ಲ. ಪರಿಹಾರ ಕೇಳಿದ ಹಲವರ ವೈದ್ಯಕೀಯ ಕಡತಗಳನ್ನು ಆಸ್ಪತ್ರೆಗಳು ಎಂದೋ ನಾಶಮಾಡಿದ್ದು, ಪುರಾವೆಯಿಲ್ಲವೆಂದು ಅರ್ಜಿಗಳು ತಿರಸ್ಕೃತವಾಗಿವೆ. ನೊಂದವಳ ಮಾತೂ ಪುರಾವೆಯೇ ಎಂದು ಅಧಿಕಾರಿಗಳೆದುರು ವಾದಿಸಲು ಅಧ್ಯಯನದ ಬಲವೂ ಬೇಕು, ಕಚೇರಿಯ ಬಾಗಿಲಲ್ಲಿ ಅವಳ ಜೊತೆ ನಿಲ್ಲುವವರೂ ಬೇಕು.